ಮೂರು ಕೂಗು ಅಂದರೆ ಎಷ್ಟು ನಿಮಿಷ?

ಶಿವಮೊಗ್ಗದಿಂದ ಓದುಗರೊಬ್ಬರು ಬರೆದಿದ್ದಾರೆ: ‘ನನ್ನ ಮಗಳು ಕೆನಡಾದಲ್ಲಿದ್ದಾಳೆ. ಕರೆಂಟಿನ ಪ್ರೆಶರ್ ಕುಕ್ಕರ್ ತಗೊಂಡಿದ್ದಾಳೆ. ಅದು ಕೂಗುವುದೇ ಇಲ್ಲವಂತೆ. ತೊಗರಿಬೇಳೆಗೆ ಮೂರು ಕೂಗು, ಕಡಲೆಕಾಳಿಗೆ ಆರು ಅಂತ ಹೇಳಿದರೆ, “ಅಮ್ಮಾ, ನಿಮಿಷದಲ್ಲಿ ಹೇಳು” ಅನ್ನುತ್ತಾಳೆ. ಇಷ್ಟು ವರ್ಷ ಅಡುಗೆ ಮಾಡಿದ ನನಗೆ ಉತ್ತರ ಹೊಳೆಯಲಿಲ್ಲ. ಇಂಥ ಚಿಲ್ಲರೆ ವಿಷಯವನ್ನು ಪತ್ರಿಕೆಗೆ ಬರೆಯಬಹುದೋ ಇಲ್ಲವೋ ಗೊತ್ತಿಲ್ಲ.’

ಪ್ರಿಯ ಓದುಗರೇ, ನಮಸ್ಕಾರ.

ದಿನಾ ಬೆಳಿಗ್ಗೆ ಮನೆಮನೆಯಲ್ಲೂ ನಡೆಯುವ ಲೆಕ್ಕ ಚಿಲ್ಲರೆ ಹೇಗಾಗುತ್ತೆ? ನಿಮ್ಮ ಪತ್ರವನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿದೆವು. ಒಬ್ಬೊಬ್ಬರದು ಒಂದೊಂದು ಲೆಕ್ಕ! ಒಬ್ಬರ ಮನೆಯಲ್ಲಿ ತೊಗರಿಬೇಳೆಗೆ ಎರಡು ಕೂಗು, ಇನ್ನೊಬ್ಬರ ಮನೆಯಲ್ಲಿ ಐದು. ಇಬ್ಬರ ಮನೆಯಲ್ಲೂ ನಾನು ಊಟ ಮಾಡಿದ್ದೇನೆ. ಎರಡು ಕಡೆಯೂ ಬೇಳೆ ಬೆಣ್ಣೆಯ ಹಾಗೆ ಬೆಂದಿತ್ತು. ಎರಡೂ ಸರಿ, ಐದೂ ಸರಿ ಅಂದರೆ ಕೂಗು ಹೇಳುತ್ತಿರುವುದು ಸಮಯ ಅಲ್ಲ ಅಂತಾಯ್ತು.

ಅದು ಹೇಳುವುದು ಒತ್ತಡವನ್ನು. ನಮ್ಮ ಮಾಮೂಲಿ ಕುಕ್ಕರಿನ ವೆಯ್ಟ್ ಏಳುವುದು ಒಳಗಿನ ಒತ್ತಡ ಹೊರಗಿನ ಗಾಳಿಯದಕ್ಕಿಂತ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಹೆಚ್ಚಾದಾಗ. ಆವಿ ವೆಯ್ಟನ್ನು ಎತ್ತಿಕೊಂಡು ಹೊರಗೆ ನುಗ್ಗುತ್ತದೆ, ಕೂಗು ಕೇಳುತ್ತದೆ, ಒತ್ತಡ ಸ್ವಲ್ಪ ಇಳಿದ ಕೂಡಲೇ ವೆಯ್ಟ್ ಮತ್ತೆ ಕೂರುತ್ತದೆ. ಆ ಹೊತ್ತಿಗೆ ಒಳಗಿನ ನೀರು ಸುಮಾರು 120 ಡಿಗ್ರಿ ಬಿಸಿಯಾಗಿರುತ್ತದೆ. ತೆರೆದ ಪಾತ್ರೆಯಲ್ಲಿ ಎಷ್ಟೇ ಉರಿ ಹಾಕಿ, ಮಂಗಳೂರಿನಲ್ಲಿ ನೀರು 100 ಡಿಗ್ರಿ ದಾಟುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಅಲ್ಲಿ 97ರ ಹತ್ತಿರವೇ ಕುದಿ ಬರುತ್ತದೆ. ಮಡಿಕೇರಿಯಲ್ಲಿ ಇನ್ನೊಂದು ಡಿಗ್ರಿ ಕಮ್ಮಿ. ಲೇಹ್‌ನಂಥ ಎತ್ತರದ ಊರಿನಲ್ಲಿ 88ರ ಆಸುಪಾಸು. ಅಲ್ಲಿ ಕುಕ್ಕರ್ ಇಲ್ಲದೆ ಕಾಳು ಬೇಯಿಸಲು ಕೂತರೆ ಮಧ್ಯಾಹ್ನದ ಊಟ ರಾತ್ರಿಗೆ ಸಿಕ್ಕೀತು.

ಈಗ ಆ ಎರಡು ಮತ್ತು ಐದರ ವಿಷಯ. ಉರಿ ಜೋರಾಗಿದ್ದರೆ ಮೊದಲ ಕೂಗಿನ ಬೆನ್ನಿಗೇ ಎರಡನೆಯದು, ಮೂರನೆಯದು. ಎಲ್ಲಾ ಸೇರಿ ಮೂರು ನಾಲ್ಕು ನಿಮಿಷ. ಅದೇ ಕುಕ್ಕರನ್ನು ಸಣ್ಣ ಉರಿಯಲ್ಲಿಡಿ, ಮೂರು ಕೂಗಿಗೆ ಕಾಲು ಗಂಟೆ ಬೇಕಾಗಬಹುದು. ಉರಿ ತೀರಾ ಸಣ್ಣದಿದ್ದರೆ ಸುಯ್ ಅಂತ ಸ್ವಲ್ಪ ಸ್ವಲ್ಪವೇ ಆವಿ ಬಿಡುತ್ತಾ ಕೂಗದೆಯೂ ಇರುತ್ತದೆ. ಆದರೂ ಒಳಗೆ ಬೇಳೆ ಬೇಯುತ್ತಲೇ ಇರುತ್ತದೆ! ಐದು ಲೀಟರಿನ ಕುಕ್ಕರಿನಲ್ಲಿ ಒಂದು ಲೋಟ ಬೇಳೆ ಇಟ್ಟರೆ ಒಂದು ಲೆಕ್ಕ, ಮೂರು ಲೀಟರಿನದನ್ನು ಮುಕ್ಕಾಲು ತುಂಬಿಸಿದರೆ ಇನ್ನೊಂದು. ಗ್ಯಾಸ್ ಒಲೆ ಬಿಟ್ಟು ಇಂಡಕ್ಷನ್‌ಗೆ ಬಂದವರಿಗೆ ಹಳೆಯ ಲೆಕ್ಕವೆಲ್ಲ ತಲೆಕೆಳಗಾಗುವುದೂ ಇದೇ ಕಾರಣಕ್ಕೆ. ನಿಮ್ಮ ಮೂರು ಕೂಗು ನಿಮ್ಮ ಒಲೆಗೆ, ನಿಮ್ಮ ಕುಕ್ಕರಿಗೆ, ನೀವು ತರುವ ಬೇಳೆಗೆ ಹೊಂದಿಕೊಂಡು ಬಂದ ಲೆಕ್ಕ. ಅದು ನಿಮ್ಮ ಅಡುಗೆಮನೆಯಲ್ಲಿ ಪಕ್ಕಾ. ಪಕ್ಕದ ಮನೆಗೆ ಹೋದರೂ ತಪ್ಪಬಹುದು, ಇನ್ನು ಕೆನಡಾದಲ್ಲಿ ಹೇಗೆ ಹೊಂದೀತು?

ಬೇಳೆಯದೂ ಪಾಲಿದೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ, ಅಂದರೆ ಇದು ಇಂಥ ಪ್ರದೇಶದ್ದೇ ಎಂಬ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಬೇಗ ಬೇಯುತ್ತೆ, ರುಚಿ ಚೆನ್ನ ಅಂತ ಅದಕ್ಕೆ ಮೊದಲಿಂದಲೂ ಹೆಸರು. ಡಬ್ಬಿಯಲ್ಲಿ ಬಹಳ ದಿನ ಉಳಿದ ಬೇಳೆ ಹಟ ಮಾಡುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕಾಳು ಮೆತ್ತಗಾಗುವುದು ನಿಧಾನ.

ಇನ್ನು ಮಗಳ ಕುಕ್ಕರ್. ಅದರಲ್ಲಿ ಒತ್ತಡವನ್ನು ನೋಡಿಕೊಳ್ಳುವುದು ಒಳಗಿನ ಸೆನ್ಸರ್. ಬೇಕಾದಷ್ಟು ಆದ ಕೂಡಲೇ ಅದೇ ಕಾವು ತಗ್ಗಿಸುತ್ತದೆ. ಹಾಗಾಗಿ ವೆಯ್ಟ್ ಎತ್ತಿ ಆವಿ ಬಿಡುವ ಪ್ರಮೇಯವೇ ಬರುವುದಿಲ್ಲ, ಕೂಗೂ ಇಲ್ಲ. ಅಂದ ಹಾಗೆ, ಈ ಬಗೆಯ ಕುಕ್ಕರುಗಳಲ್ಲಿ ಹೆಸರು ಮಾಡಿದ ಇನ್‌ಸ್ಟಂಟ್ ಪಾಟ್ 2010ರಲ್ಲಿ ಬಂದದ್ದು ಕೆನಡಾದಿಂದಲೇ. ಇವುಗಳಲ್ಲಿ ಒತ್ತಡ ನಮ್ಮ ಒಲೆಯ ಕುಕ್ಕರಿಗಿಂತ ಸ್ವಲ್ಪ ಕಮ್ಮಿ ಇರುವುದೇ ಜಾಸ್ತಿ. ಅದಕ್ಕೆ ಕೆಲವು ನಿಮಿಷ ಹೆಚ್ಚಿಗೆ ಇಡಬೇಕು. ಮಗಳಿಗೆ ಹೀಗೆ ಹೇಳಿ: ಅರ್ಧ ಗಂಟೆ ನೆನೆಸಿದ ತೊಗರಿಬೇಳೆಗೆ ಎಂಟರಿಂದ ಹತ್ತು ನಿಮಿಷ. ರಾತ್ರಿಯಿಡೀ ನೆನೆದ ಕಡಲೆಕಾಳಿಗೆ ಇಪ್ಪತ್ತೈದು. ಒತ್ತಡ ಬಂದ ಮೇಲೆಯೇ ಅದರ ನಿಮಿಷ ಶುರುವಾಗುವುದು, ಅದಕ್ಕೂ ಮುಂಚೆ ಹತ್ತು ನಿಮಿಷ ಸುಮ್ನೆ ಕೂತಂತೆ ಕಂಡರೆ ಗಾಬರಿ ಬೇಡ. ಮುಗಿದ ಕೂಡಲೇ ಆವಿ ಬಿಡುವುದೂ ಬೇಡ. ತಾನಾಗಿ ಇಳಿಯುವಷ್ಟು ಹೊತ್ತು ಬೇಳೆ ಒಳಗೆ ಬೇಯುತ್ತಲೇ ಇರುತ್ತದೆ. ಊರಿನಲ್ಲಿ ಒಲೆ ಆರಿಸಿ ‘ಪ್ರೆಶರ್ ಇಳೀಲಿ’ ಅಂತ ನೀವು ಬಿಡುತ್ತೀರಲ್ಲ, ಅದೂ ಅಡುಗೆಯ ಸಮಯವೇ.

ನಿಮ್ಮ ಕುಕ್ಕರಿಗೂ ನಿಮಿಷದ ಲೆಕ್ಕ ಸುಲಭ. ಮೊದಲ ಕೂಗು ಬರಲಿ. ಉರಿ ಸಿಮ್ ಮಾಡಿ. ಅಲ್ಲಿಂದ ಗಡಿಯಾರ ನೋಡಿ. ನೆನೆಸಿದ ಬೇಳೆಗೆ ಆರೇಳು ನಿಮಿಷ ಸಾಕು. ಗ್ಯಾಸ್ ಉಳಿಯುತ್ತೆ, ನೀರು ಆವಿಯಾಗಿ ಹೋಗಲ್ಲ, ಬೇಳೆನೀರು ಮುಚ್ಚಳದ ಮೇಲೆಲ್ಲ ಚಿಮ್ಮಲ್ಲ. ಮೊದಲ ಕೂಗೇ ಬಾರದೆ ಬಹಳ ಹೊತ್ತಾದರೆ ಒಲೆ ಆರಿಸಿ, ಪೂರ್ತಿ ತಣ್ಣಗಾದ ಮೇಲೆ ಆವಿಯ ತೂತು ಕಟ್ಟಿದೆಯೋ, ಗ್ಯಾಸ್ಕೆಟ್ ಸಡಿಲವಾಗಿದೆಯೋ ನೋಡಿ.

ಈ ವೆಯ್ಟ್ ಅನ್ನುವ ಉಪಾಯ ಮುನ್ನೂರು ವರ್ಷಕ್ಕೂ ಹಳೆಯದು. ದೆನಿ ಪಾಪ್ಯಾ ಎಂಬ ಫ್ರೆಂಚ್ ವಿಜ್ಞಾನಿ 1679ರಲ್ಲಿ ಲಂಡನ್ನಿನಲ್ಲಿ ಇಂಥ ಪಾತ್ರೆ ಮಾಡಿ ತೋರಿಸಿದ. ಪಾತ್ರೆ ಸಿಡಿಯಬಾರದು ಅಂತ ಭಾರ ಹೇರಿದ ಒಂದು ವಾಲ್ವ್ ಅಳವಡಿಸಿದ. 1682ರಲ್ಲಿ ರಾಯಲ್ ಸೊಸೈಟಿಯ ವಿಜ್ಞಾನಿಗಳಿಗೆ ಅದರಲ್ಲೇ ರಾತ್ರಿಯೂಟ ಬೇಯಿಸಿ ಬಡಿಸಿದ. ಮೂಳೆಗಳು ಚೀಸಿನಷ್ಟು ಮೆತ್ತಗಾಗಿದ್ದವು ಎಂದು ಊಟಕ್ಕೆ ಹೋಗಿದ್ದ ಜಾನ್ ಎವೆಲಿನ್ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಊಟ ಮಾಡಿ ಬಂದು ಬರೆದಿಟ್ಟನಲ್ಲ, ಅದಕ್ಕೇ ಇವತ್ತು ನಮಗೆ ಗೊತ್ತಾಗಿರುವುದು. ಊಟದ ವಿಷಯ ಬರೆಯಬಹುದೋ ಬಾರದೋ ಅಂತ ಅವನು ಕೂತಿದ್ದರೆ?

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಕೂಗು ಬೇಡ ಅಂತ ನಾನು ಹೇಳಲಾರೆ. ಬೆಳಿಗ್ಗೆ ಏಳೂವರೆಗೆ ಒಬ್ಬರೇ ಮಗುವಿಗೆ ಜಡೆ ಹಾಕುತ್ತಾ, ಟಿಫಿನ್ ಕಟ್ಟುತ್ತಾ, ಮಿಕ್ಸಿ ಹಾಕುವವರಿಗೆ ಗಡಿಯಾರ ನೋಡಲು ಪುರುಸೊತ್ತು ಎಲ್ಲಿದೆ? ಕೂಗು ತಾನಾಗಿ ಬಂದು ಹೇಳುತ್ತದೆ. ಬಚ್ಚಲಮನೆಗೂ ಕೇಳುತ್ತದೆ. ‘ಮೂರಾದರೆ ಆಫ್ ಮಾಡಿ’ ಅಂದರೆ ಒಲೆ ಹಚ್ಚಲು ಬಾರದವರೂ ಅಡುಗೆಗೆ ಒಂದು ಕೈ ಕೊಡಬಹುದು. ‘ಇದು ಎರಡನೇದಾ, ಮೂರನೇದಾ?’ ಅಂತ ಇಡೀ ಮನೆ ಚರ್ಚೆಗೆ ಇಳಿಯುವುದನ್ನು ಕೇಳುವುದೇ ನನಗೆ ಖುಷಿ. ಅಪಾರ್ಟ್‌ಮೆಂಟಿನಲ್ಲಂತೂ ಪಕ್ಕದ ಮನೆಯ ಕೂಗೂ ಲೆಕ್ಕಕ್ಕೆ ಸೇರಿ ಬೇಳೆ ಅರೆಬೆಂದು ಉಳಿಯುತ್ತದೆ. ಈಗ ಕೂಗು ಎಣಿಸುವ ಮೊಬೈಲ್ ಆಪ್‌ಗಳೂ ಬಂದಿವೆ. ಇನ್ನೊಂದು ಕಡೆ ಆಫೀಸಿನ ವಿಡಿಯೊ ಮೀಟಿಂಗಿನ ಸಾಫ್ಟ್‌ವೇರು ಅದೇ ಕೂಗನ್ನು ಗದ್ದಲ ಅಂತ ಸೋಸಿ ತೆಗೆಯುತ್ತದೆ. ನನಗೇನೋ ಅದು ಕೇಳಿಸಿದರೇ ಇಷ್ಟ. ಆಚೆ ಕಡೆಯವರ ಮನೆಯಲ್ಲಿ ಅಡುಗೆ ಆಗುತ್ತಿದೆ ಅಂತ ಗೊತ್ತಾಗುತ್ತೆ, ಅಲ್ವಾ?

ಕೆಲವಕ್ಕೆ ಮಾತ್ರ ಎಣಿಕೆ ತಪ್ಪಲೇಬಾರದು. ಡಿಸೆಂಬರಿನಲ್ಲಿ ಅವರೆಕಾಯಿ ಬಂದಾಗ ಮನೆಮಂದಿಯೆಲ್ಲ ಕೂತು ಹಿತಕಿದ ಬೇಳೆ. ಒಂದು ಕೂಗು ಜಾಸ್ತಿಯಾದರೆ ಅಷ್ಟೂ ಕೆಲಸ ಕರಗಿ ಹೋಯ್ತು. ನನ್ನನ್ನು ಕೇಳಿದರೆ ಅದನ್ನು ಕುಕ್ಕರಿಗೆ ಹಾಕಲೇಬೇಡಿ, ತೆರೆದ ಪಾತ್ರೆಯಲ್ಲಿ ಕಣ್ಣೆದುರು ಬೇಯಲಿ.

ನಿಮ್ಮ ಪತ್ರದಿಂದ ನಮ್ಮಲ್ಲೊಂದು ತೀರ್ಮಾನವೂ ಆಯಿತು. ಮುಂದಿನ ಸಂಚಿಕೆಯಿಂದ ನಮ್ಮ ಅಡುಗೆ ಪುಟದಲ್ಲಿ ಕೂಗಿನ ಜೊತೆಗೆ ನಿಮಿಷವನ್ನೂ ಅಚ್ಚು ಮಾಡುತ್ತೇವೆ. ಒಲೆಯ ಕುಕ್ಕರಿಗೆ ಒಂದು, ಕರೆಂಟಿನದಕ್ಕೆ ಒಂದು. ಅಡುಗೆ ಬರೆದು ಕಳಿಸುವವರು ಉರಿ ಜೋರೋ ಸಣ್ಣದೋ, ಕುಕ್ಕರ್ ಎಷ್ಟು ಲೀಟರಿನದು, ಕಾಳು ಎಷ್ಟು ಹೊತ್ತು ನೆನೆದಿತ್ತು ಅನ್ನುವುದನ್ನೂ ದಯವಿಟ್ಟು ಸೇರಿಸಿ ಬರೆಯಿರಿ.

– ಸಂಪಾದಕ