ಆ ದನಿ ಯಾರದು ಅಂತ ಕೇಳಿದ್ದೀರಿ

ಓದುಗರ ಪತ್ರ: "80ರ ದಶಕದ ಎಷ್ಟೋ ನಾಯಕಿಯರು ತೆರೆಯ ಮೇಲೆ ಮಾತಾಡಿದ್ದು ಬಿ. ಜಯಶ್ರೀ ಅವರ ದನಿಯಲ್ಲಿ ಅಂತ ಮೊನ್ನೆ ಯಾರೋ ಹೇಳಿದರು. ನಿಜವೇ? ನನಗೆ ಅವರು 'ಕಾರ್ ಕಾರ್' ಹಾಡಿನಿಂದ ಮಾತ್ರ ಗೊತ್ತು. ದೆಹಲಿಯ ನಾಟಕ ಶಾಲೆಯಲ್ಲಿ ಕಲಿತು ಬಂದವರು ಬೇರೆಯವರ ಬಾಯಿಗೆ ಮಾತು ಕೊಡುತ್ತಾ ಕೂರಬೇಕಾಯಿತು ಅಂದರೆ ಅದು ಅನ್ಯಾಯ ಅಲ್ವಾ? ಅವರು ಎಂಪಿ ಆಗಿದ್ದರಂತೆ, ಯಾವ ಪಕ್ಷ? ಸ್ವಲ್ಪ ವಿವರವಾಗಿ ಬರೆಯಿರಿ."
– ಓದುಗರೊಬ್ಬರು, ಹಾಸನ

ಸಂಪಾದಕರ ಉತ್ತರ:

ನಮಸ್ಕಾರ. ನೀವು ಕೇಳಿದ್ದು ನಿಜ. ಮಾಧವಿ, ಗಾಯತ್ರಿ, ಅಂಬಿಕಾ, ಜಯಪ್ರದಾ, ಸುಮಲತಾ, ಇವರಿಗೆಲ್ಲ ಜಯಶ್ರೀ ಅವರು ಕಂಠದಾನ ಮಾಡಿದ್ದಾರೆ. ಅನ್ಯಾಯ ಅನ್ನುವ ಮಾತನ್ನು ಮಾತ್ರ ನಾನು ಅರ್ಧ ಒಪ್ಪುತ್ತೇನೆ. ಯಾವ ಅರ್ಧ ಅಂತ ಹೇಳಬೇಕಾದರೆ ಅವರು ಹುಟ್ಟಿದ ಮನೆಯಿಂದಲೇ ಶುರು ಮಾಡಬೇಕು.

ಜಯಶ್ರೀ ಹುಟ್ಟಿದ್ದು 1950ರಲ್ಲಿ. ಹೆಸರಾಂತ ನಾಟಕ ಕಂಪನಿ ನಡೆಸಿದ ಗುಬ್ಬಿ ವೀರಣ್ಣನವರ ಮೊಮ್ಮಗಳು. ತಾಯಿ ಮಾಲತಮ್ಮ ವೀರಣ್ಣನವರ ಮಗಳು, ಅವರೂ ರಂಗನಟಿ. ಮನೆ ಅಂದರೆ ಕಂಪನಿ, ಕಂಪನಿ ಅಂದರೆ ಮನೆ. 1884ರಲ್ಲಿ ಶುರುವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಎಂಥದ್ದು ಅಂತ ಇವತ್ತಿನ ಹುಡುಗರಿಗೆ ಹೇಳುವುದು ಕಷ್ಟ. 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದವರು ಅವರು. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್, ಎಲ್ಲರೂ ಆ ಕಂಪನಿಯ ಅನ್ನ ಉಂಡವರೇ. ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಮನೆ ಬಿಟ್ಟು ಓಡಿ ಬಂದು ಸೇರಿದ್ದೂ ಅಲ್ಲಿಗೇ.

ಕಂಪನಿ ನಾಟಕದಲ್ಲಿ ನಟಿಗೆ ಮೊದಲು ಬೇಕಾದದ್ದು ಗಂಟಲು. ಮೈಕಿಲ್ಲದ ಕಾಲದಲ್ಲಿ ಬೆಳೆದ ಪದ್ಧತಿ ಅದು. ಮುಂದೆ ಕಾಲು ಹಾರ್ಮೋನಿಯಂ, ಪಕ್ಕದಲ್ಲಿ ತಬಲ. ನೆಲದ ಮೇಲೆ ಕೂತವನಿಗೂ ಮಾತು ಕೇಳಬೇಕು, ಕಟ್ಟಕಡೆಯ ಸಾಲಿನವನಿಗೂ ಕೇಳಬೇಕು. ಸುಮ್ನೆ ಕೂಗಿದರೆ ಎರಡು ಆಟಕ್ಕೇ ಗಂಟಲು ಕಟ್ಟಿಹೋಗುತ್ತದೆ. ಹೊಟ್ಟೆಯಿಂದ ದನಿ ತೆಗೆಯಬೇಕು, ಮಾತಿನ ಕೊನೆಯ ಅಕ್ಷರ ನುಂಗಬಾರದು, ಹಾಡಿನಿಂದ ಮಾತಿಗೆ ಇಳಿಯುವಾಗ ಶ್ರುತಿ ಬಿಡಬಾರದು. ಹಾಡು ಮುಗಿದ ಮೇಲೆ ಜನ "ಒನ್ಸ್ ಮೋರ್" ಅಂದರೆ ಅದೇ ಹಾಡನ್ನು ಅದೇ ಹುರುಪಿನಲ್ಲಿ ಇನ್ನೊಮ್ಮೆ ಹಾಡಬೇಕು. ಜಯಶ್ರೀ ಅವರಿಗೆ ಇದು ಪಾಠ ಆಗಿರಲಿಲ್ಲ, ಆಡಿ ಬೆಳೆದ ಅಂಗಳವಾಗಿತ್ತು.

ಆಮೇಲೆ ದೆಹಲಿ. ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಆಗ ಇಬ್ರಾಹಿಂ ಅಲ್ಕಾಜಿ ನಿರ್ದೇಶಕರು. ಶಿಸ್ತಿಗೆ ಹೆಸರಾದ ಗುರು. ನಟನೆಯ ಜೊತೆ ಬೆಳಕು, ಉಡುಪು, ರಂಗಸಜ್ಜಿಕೆ ಎಲ್ಲವನ್ನೂ ಕಲಿಯಬೇಕಿತ್ತು. 1973ರಲ್ಲಿ ಅಲ್ಲಿಂದ ಹೊರಬಂದರು. ಎರಡೂ ಕಡೆ ಪಳಗಿದವರು ನಮ್ಮಲ್ಲಿ ಬಹಳ ಕಡಿಮೆ. ದೆಹಲಿಯಲ್ಲಿ ಕಲಿತ ಎಷ್ಟೋ ಜನಕ್ಕೆ ಆ ಕಾಲದಲ್ಲಿ ಕಂಪನಿ ನಾಟಕ ಅಂದರೆ ಹಳೇ ಸರಕು. ಕಂಪನಿಯವರಿಗೆ ಇವರು ಹಾಡು ಬಾರದ ಓದಿದ ಜನ. ಜಯಶ್ರೀ ಎರಡನ್ನೂ ಕೈಬಿಡಲಿಲ್ಲ. ನನ್ನ ಪ್ರಕಾರ ಅವರ ದೊಡ್ಡ ಕೆಲಸ ಇದೇ, ಪ್ರಶಸ್ತಿಗಳ ಪಟ್ಟಿ ಆಮೇಲಿನ ಮಾತು.

1976ರಲ್ಲಿ 'ಸ್ಪಂದನ' ತಂಡ ಕಟ್ಟಿದರು. 'ಲಕ್ಷಾಪತಿ ರಾಜನ ಕಥೆ' ಮಾಡಿಸಿದರು. ಚಂದ್ರಶೇಖರ ಕಂಬಾರರ 'ಕರಿಮಾಯಿ' ಕಾದಂಬರಿಯನ್ನು ರಂಗಕ್ಕೆ ತಂದರು. ಇಡೀ ಒಂದು ಹಳ್ಳಿಯ ಕಥೆ ಅದು. ದೇವಿ, ಜಾತ್ರೆ, ಜಗಳ, ಎಲ್ಲವನ್ನೂ ಹಾಡು ಮತ್ತು ಮೇಳದಿಂದಲೇ ಕಟ್ಟಬೇಕು. ಇಂಥ ನಾಟಕಕ್ಕೆ ಬೇಕಾದ್ದು ಜಯಶ್ರೀ ಅವರಂಥ ನಿರ್ದೇಶಕಿಯೇ. ಮೇಳಕ್ಕೆ ಹಾಡು ಹೇಳಿಕೊಡಬಲ್ಲವರು, ಸಾಲದಿದ್ದರೆ ತಾವೇ ದನಿ ಎತ್ತಬಲ್ಲವರು.

ಇನ್ನು 'ಸದಾರಮೆ'. ಬೆಳ್ಳಾವೆ ನರಹರಿ ಶಾಸ್ತ್ರಿಗಳು ಬರೆದದ್ದು. ಅದರಲ್ಲಿ ಕಳ್ಳನ ಪಾತ್ರ ಅಂದರೆ ಗುಬ್ಬಿ ವೀರಣ್ಣ, ವೀರಣ್ಣ ಅಂದರೆ ಆ ಕಳ್ಳ. ಅಷ್ಟು ಹೆಸರು ಮಾಡಿದ ಪಾತ್ರ. ಜಯಶ್ರೀ ಆ ನಾಟಕವನ್ನು ಮತ್ತೆ ಕೈಗೆತ್ತಿಕೊಂಡಾಗ ಸದಾರಮೆಯ ಪಾತ್ರವನ್ನು ತಾವು ಇಟ್ಟುಕೊಳ್ಳಲಿಲ್ಲ, ಕಳ್ಳನ ಪಾತ್ರ ಮಾಡಿದರು. ತಾತನ ವೇಷ ಮೊಮ್ಮಗಳು ಹಾಕುವುದು ಎಷ್ಟು ಧೈರ್ಯದ ಕೆಲಸ, ಯೋಚನೆ ಮಾಡಿ. ಆ ಕಳ್ಳನಿಗೆ ಬೇಕಾದ್ದು ಮಾತಿನ ಚುರುಕು, ಲಯ, ಜನರ ನಗು ಎಲ್ಲಿ ಏಳುತ್ತದೆ ಅನ್ನುವ ಅಂದಾಜು. ಗಂಡಸಿನ ಪಾತ್ರ ಅನ್ನುವುದೇ ಮರೆತುಹೋಗುವ ಹಾಗೆ ಆಡಿದರು.

ಈಗ ಡಬ್ಬಿಂಗ್ ಕೋಣೆಗೆ ಬರೋಣ. ಕೇಳೋದಕ್ಕೆ ಸುಲಭದ ಕೆಲಸ. ಮಾಡೋದು ಬೇರೆ. ದೃಶ್ಯವನ್ನು ಸಣ್ಣ ಸಣ್ಣ ತುಂಡು ಮಾಡಿ ಮತ್ತೆ ಮತ್ತೆ ತೋರಿಸುತ್ತಾರೆ. ಕತ್ತಲಲ್ಲಿ ನಿಂತು ತೆರೆಯ ಮೇಲಿನ ತುಟಿ ನೋಡಬೇಕು. ಪ, ಬ, ಮ ಬಂದಾಗ ತುಟಿ ಮುಚ್ಚಲೇಬೇಕು. ತೆರೆಯಲ್ಲಿ ತುಟಿ ಮುಚ್ಚಿ ಇಲ್ಲಿ ಬೇರೆ ಅಕ್ಷರ ಬಂದರೆ ನೋಡುವವರಿಗೆ ತಕ್ಷಣ ಗೊತ್ತಾಗುತ್ತದೆ. ನಾಯಕಿ ಬೇರೆ ಭಾಷೆಯಿಂದ ಬಂದವರು, ಕನ್ನಡ ಬಾಯಿಪಾಠ ಮಾಡಿ ಹೇಳಿರುತ್ತಾರೆ, ಎಲ್ಲೋ ಎಳೆದಿರುತ್ತಾರೆ, ಎಲ್ಲೋ ನಿಲ್ಲಿಸಿರುತ್ತಾರೆ. ಆ ನಿಲುಗಡೆ ಬದಲಾಯಿಸುವ ಹಾಗಿಲ್ಲ. ಅದರೊಳಗೇ ನಮ್ಮ ಮನೆ ಹೆಣ್ಣುಮಗಳ ಕನ್ನಡ ಬರಬೇಕು. ಅವರು ಅತ್ತಾಗ ಇವರಿಗೆ ಉಸಿರು ಕಟ್ಟಬೇಕು. ಅವರು ಮೆಟ್ಟಿಲು ಹತ್ತಿ ಬಂದಿದ್ದರೆ ಇವರು ನಿಂತಲ್ಲೇ ಏದುಸಿರು ಬಿಡಬೇಕು. ಒಂದೇ ಗಂಟಲಲ್ಲಿ ಐದಾರು ಬೇರೆ ಬೇರೆ ಮುಖಗಳು ಬೇರೆ ಬೇರೆ ಹೆಂಗಸರಾಗಿ ಕೇಳಬೇಕು.

ನೀವು ಇದನ್ನು "ಕೂರಬೇಕಾಯಿತಲ್ಲ" ಅಂತ ಬರೆದಿದ್ದೀರಿ. ಈ ಅರ್ಧ ನಾನು ಒಪ್ಪುವುದಿಲ್ಲ. ಕಂಪನಿಯಲ್ಲಿ ಬೆಳೆದವರಿಗೆ ಕೆಲಸದಲ್ಲಿ ಮೇಲು ಕೀಳು ಇರುವುದಿಲ್ಲ. ಇವತ್ತು ರಾಣಿ, ನಾಳೆ ದಾಸಿ, ನಾಡಿದ್ದು ಪರದೆಯ ಹಿಂದೆ ಹಾಡುವವಳು. ಕಂಠದಾನವೂ ನಟನೆಯೇ. ಅದೂ ಕಣ್ಣು, ಕೈ, ನಡಿಗೆ ಯಾವುದರ ಆಸರೆಯೂ ಇಲ್ಲದ ನಟನೆ.

ಒಪ್ಪುವ ಅರ್ಧ ಬೇರೆ ಇದೆ. 1997ರ 'ನಾಗಮಂಡಲ' ಸಿಕ್ಕರೆ ನೋಡಿ. ಕಾರ್ನಾಡರ ನಾಟಕ ಆಧರಿಸಿ ನಾಗಾಭರಣ ಮಾಡಿದ ಚಿತ್ರ. ಅದರಲ್ಲಿ ಕುರುಡವ್ವ ಜಯಶ್ರೀ. ಗಂಡನ ಪ್ರೀತಿ ಕಾಣದ ನಾಯಕಿ ರಾಣಿಗೆ ವಶೀಕರಣದ ಬೇರು ಕೊಡುವ ಮುದುಕಿ. ಕ್ಯಾಮೆರಾ ಮುಂದೆ ನಟಿಗೆ ಕಣ್ಣೇ ಅರ್ಧ ಬಂಡವಾಳ, ಇಲ್ಲಿ ಅದೇ ಇಲ್ಲ. ಆದರೂ ಆಕೆ ಬಂದ ಕೂಡಲೇ ದೃಶ್ಯ ಆಕೆಯದಾಗುತ್ತದೆ. ಕೇವಲ ದನಿ ಮತ್ತು ತಡಕಾಡುವ ಕೈ. ಇಷ್ಟು ಬಲ ಇರುವ ನಟಿಗೆ ಕನ್ನಡ ಸಿನಿಮಾ ಇನ್ನೂ ಎಷ್ಟೋ ಪಾತ್ರ ಕೊಡಬಹುದಿತ್ತು. ದನಿ ಬೇಕು ಅಂತ ಕರೆದವರು ಮುಖಕ್ಕೂ ಒಂದು ಪಾತ್ರ ಬರೆಯಬಹುದಿತ್ತು. ಅನ್ಯಾಯ ಆಗಿದ್ದರೆ ಅದು ಇಲ್ಲಿ, ಮತ್ತು ನಷ್ಟ ಜಾಸ್ತಿ ಆದದ್ದು ಪ್ರೇಕ್ಷಕರಾದ ನಮಗೆ.

'ಕಾರ್ ಕಾರ್' ಬಗ್ಗೆ ಎರಡು ಮಾತು. 2001ರ 'ನನ್ನ ಪ್ರೀತಿಯ ಹುಡುಗಿ' ಚಿತ್ರದ್ದು. ಅಮೆರಿಕದ ರಸ್ತೆ ನೋಡಿ ಬೆರಗಾಗುವ ಹಾಡಿಗೆ ನಯವಾದ ಸಿನಿಮಾ ಕಂಠ ಹಾಕಿದ್ದರೆ ಅಷ್ಟು ಹಿಡಿಸುತ್ತಿರಲಿಲ್ಲ. ಈ ಗಂಟಲಿನಲ್ಲಿ ನಮ್ಮೂರಿನ ಧೂಳಿದೆ, ಹಾಗಾಗಿ ಬೆರಗು ನಿಜ ಅನಿಸುತ್ತದೆ. ಅದೇ ಕಂಪನಿಯ ಗಂಟಲು ಅಂತ ಗೊತ್ತಾದ ಮೇಲೆ ಇನ್ನೊಮ್ಮೆ ಕೇಳಿ ನೋಡಿ.

ಎಂಪಿ ವಿಷಯ. ಅವರು ಚುನಾವಣೆಗೆ ನಿಂತವರಲ್ಲ. ರಾಜ್ಯಸಭೆಗೆ ಕಲೆ, ಸಾಹಿತ್ಯ, ವಿಜ್ಞಾನ, ಸಮಾಜಸೇವೆಯಿಂದ 12 ಜನರನ್ನು ರಾಷ್ಟ್ರಪತಿ ನಾಮಕರಣ ಮಾಡುತ್ತಾರೆ. ಆ ದಾರಿಯಲ್ಲಿ 2010ರಲ್ಲಿ ಹೋದರು, 2016ರವರೆಗೆ ಇದ್ದರು. ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ 1996ರಲ್ಲಿ, ಪದ್ಮಶ್ರೀ 2013ರಲ್ಲಿ ಬಂತು.

ನಿಮ್ಮ ಪತ್ರ ಓದಿದ ಮೇಲೆ ನಮ್ಮ ಕಚೇರಿಯಲ್ಲಿ ಒಂದು ತೀರ್ಮಾನ ಆಗಿದೆ. ಮುಂದಿನ ಸಂಚಿಕೆಯಿಂದ ಹಳೇ ಚಿತ್ರಗಳ ಬಗ್ಗೆ ಬರೆಯುವಾಗ ತಾರಾಗಣದ ಜೊತೆ ಕಂಠದಾನ ಮಾಡಿದವರ ಹೆಸರನ್ನೂ, ಖಚಿತವಾಗಿ ಗೊತ್ತಿದ್ದ ಕಡೆಯೆಲ್ಲ, ಹಾಕುತ್ತೇವೆ. ಆ ಕಾಲದಲ್ಲಿ ಧ್ವನಿಗ್ರಹಣ, ಸಂಕಲನ ವಿಭಾಗದಲ್ಲಿ ದುಡಿದ ಓದುಗರು ಇದ್ದರೆ ಯಾವ ಚಿತ್ರದಲ್ಲಿ ಯಾರಿಗೆ ಯಾರ ದನಿ ಅಂತ ದಯವಿಟ್ಟು ನಮಗೆ ಬರೆದು ತಿಳಿಸಿ.