ಪುಕ್ಕಟೆ ಹಡಗಿಗೆ ತೆತ್ತ ಬೆಲೆ

ಓದುಗರ ಪ್ರಶ್ನೆಗಳಿಗೆ ನಿವೃತ್ತ ನೌಕಾ ಎಂಜಿನಿಯರ್ ಅವರ ಉತ್ತರ

ಈ ಸಲದ ಪತ್ರಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಹೊತ್ತು ಬಂದಿವೆ. ಬಹಳ ದಿನ ತಪ್ಪಿಸಿಕೊಂಡೆ, ಇನ್ನು ಉತ್ತರಿಸದೆ ವಿಧಿಯಿಲ್ಲ. ವಿಮಾನವಾಹಕ ನೌಕೆ ಎಂದರೇನು, ನಮಗೆ ಏಕೆ ಬೇಕು ಎಂಬಲ್ಲಿಂದ ಮಾತ್ರ ಶುರು ಮಾಡುವುದಿಲ್ಲ.

ಸ್ವದೇಶಿ ವಿಮಾನವಾಹಕ ನೌಕೆ ವಿಕ್ರಾಂತ್ ಕಟ್ಟಲು ಹದಿಮೂರು ವರ್ಷ, ಸುಮಾರು ಇಪ್ಪತ್ತು ಸಾವಿರ ಕೋಟಿ ರೂಪಾಯಿ ಬೇಕಾಯಿತು. ಮುಂದಿನದನ್ನಾದರೂ ಹೊರದೇಶಗಳು ಬಳಸಿ ಬಿಟ್ಟ ನೌಕೆಗಳಲ್ಲಿ ಅಗ್ಗಕ್ಕೆ ಸಿಗುವುದನ್ನು ತಂದು ದುರಸ್ತಿ ಮಾಡಿಕೊಳ್ಳಬಾರದೇ? (ದಾವಣಗೆರೆ)

ಅಗ್ಗಕ್ಕೇನು, ಪುಕ್ಕಟೆಯಾಗಿಯೇ ಒಂದನ್ನು ತಂದಿದ್ದೇವೆ. ಅದರ ಕಥೆ ಕೇಳಿ.

ಸೋವಿಯತ್ ಒಕ್ಕೂಟದ 'ಬಾಕು' 1987ರಲ್ಲಿ ಸೇವೆಗೆ ಸೇರಿದ ಹಡಗು. ನಂತರ 'ಅಡ್ಮಿರಲ್ ಗೋರ್ಷ್ಕೋವ್' ಎಂದು ಹೆಸರು ಬದಲಾಯಿತು. 1994ರಲ್ಲಿ ಬಾಯ್ಲರ್ ಕೋಣೆಯಲ್ಲಿ ಸ್ಫೋಟವಾಯಿತು, 1996ರಲ್ಲಿ ರಷ್ಯಾ ಅದನ್ನು ಮೂಲೆಗಿಟ್ಟಿತು. 2004ರ ಜನವರಿಯಲ್ಲಿ ನಾವು ಸಹಿ ಹಾಕಿದ ಒಪ್ಪಂದದಲ್ಲಿ ಹಡಗಿಗೆ ಬೆಲೆಯೇ ಇರಲಿಲ್ಲ. ದುರಸ್ತಿ ಮತ್ತು ಮರುಸಜ್ಜಿಕೆಗೆ 97.4 ಕೋಟಿ ಡಾಲರ್, 2008ಕ್ಕೆ ಕೈಗೆ ಎಂದು ಮಾತಾಗಿತ್ತು. 2010ರ ಹೊತ್ತಿಗೆ ಆ ಮೊತ್ತ ಸುಮಾರು 235 ಕೋಟಿ ಡಾಲರ್‌ಗೆ ಏರಿತು. ಹಡಗು 'ವಿಕ್ರಮಾದಿತ್ಯ'ವಾಗಿ ಸೇವೆಗೆ ಸೇರಿದ್ದು 2013ರ ನವೆಂಬರ್‌ನಲ್ಲಿ. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ. ಸೀಮಿತ ಆಯುಷ್ಯದ ಈ ಹಳೆಯ ಹಡಗು ಹೊಸದಕ್ಕಿಂತ ಶೇ. 60ರಷ್ಟು ದುಬಾರಿಯಾಗಲಿದೆ ಎಂದು ಸರ್ಕಾರದ ಖರ್ಚಿನ ಲೆಕ್ಕ ಪರಿಶೋಧಿಸುವ ಸಿಎಜಿ 2009ರಲ್ಲಿಯೇ ಎಚ್ಚರಿಸಿತ್ತು.

ಬೆಲೆ ಏಕೆ ಏರಿತು? ರಷ್ಯನ್ನರು ಮೋಸ ಮಾಡಿದರು ಎಂದು ಬರೆಯುವವರು ಹಳೆಯ ಹಡಗಿನ ಹೊಟ್ಟೆಯೊಳಗೆ ಒಮ್ಮೆಯೂ ಇಳಿದವರಲ್ಲ. ಈ ಹಡಗನ್ನು ಕಟ್ಟಿದ್ದು ಕಪ್ಪು ಸಮುದ್ರದ ಕಡೆಯ ನಿಕೊಲಾಯೆವ್‌ನಲ್ಲಿ, ಒಕ್ಕೂಟ ಒಡೆದ ಮೇಲೆ ಆ ಊರು ಉಕ್ರೇನಿನ ಪಾಲಾಯಿತು. ದುರಸ್ತಿಗೆ ಇಳಿದ ಸೆವೆರೊದ್ವಿನ್ಸ್ಕ್‌ನ ಸೆವ್‌ಮಾಶ್, ಜಲಾಂತರ್ಗಾಮಿ ಕಟ್ಟುವುದರಲ್ಲಿ ಪಳಗಿದ ಕಾರ್ಖಾನೆ. ವಿಮಾನವಾಹಕದ ಕೆಲಸ ಅದಕ್ಕೆ ಹೊಸತು. ಬಿಚ್ಚಿದಂತೆಲ್ಲ ಕೆಲಸ ಬೆಳೆಯಿತು. 2,500 ಕೋಣೆಗಳಲ್ಲಿ 1,750ನ್ನು ಹೊಸದಾಗಿ ಮಾಡಬೇಕಾಯಿತು, 2,300 ಕಿಲೋಮೀಟರ್ ಕೇಬಲ್ ಎಳೆಯಬೇಕಾಯಿತು. ಇಷ್ಟಾದ ಮೇಲೆ ಹಳೆಯದು ಎಂದು ಉಳಿದದ್ದೆಷ್ಟು?

ಬಿಚ್ಚುವುದು ಎಂದರೆ ಏನೆಂದು ನನ್ನ ಅನುಭವದಿಂದಲೇ ಹೇಳುತ್ತೇನೆ. ಹಡಗೊಂದರ ದುರಸ್ತಿಯಲ್ಲಿ ಉಗಿ ಕೊಳವೆಯ ಮೇಲಿನ ಶಾಖ ನಿರೋಧಕ ಹೊದಿಕೆ ತೆಗೆಸಿದೆ. ಹೊರಗೆ ಬಣ್ಣ ಮಿರಮಿರ ಹೊಳೆಯುತ್ತಿತ್ತು. ಒಳಗಿನ ಕೊಳವೆಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಕಬ್ಬಿಣದ ಠಣ್ ಎನ್ನುವ ನಾದವಿಲ್ಲ, ಮಡಕೆ ಬಡಿದ ಹಾಗೆ ಮಂದ ಸದ್ದು. ಮೂರನೆಯ ಏಟಿಗೆ ತುಕ್ಕು ಹಪ್ಪಳದಂತೆ ಪದರ ಪದರವಾಗಿ ಉದುರಿತು. ಆ ಒಂದು ಕೊಳವೆಗೆಂದು ಬರೆದಿದ್ದ ಎರಡು ದಿನದ ಕೆಲಸ ಐದು ವಾರ ಹಿಡಿಯಿತು. ಅಂದಿನಿಂದ ಹಳೆಯ ಹಡಗಿನ ಅಂದಾಜು ಪಟ್ಟಿ ಕಂಡರೆ ನನಗೆ ಭಯ. ಈ ಭಯ ನನ್ನ ಸಲಹೆಯಲ್ಲಿ ಬೆರೆತಿದೆ ಎನ್ನುವುದಾದರೆ ಒಪ್ಪುತ್ತೇನೆ.

ವಿಕ್ರಮಾದಿತ್ಯದ ಬಾಯ್ಲರ್‌ಗಳನ್ನೇ ನೋಡಿ. 2012ರ ಸೆಪ್ಟೆಂಬರ್‌ನಲ್ಲಿ ಪೂರ್ಣ ವೇಗದ ಪರೀಕ್ಷೆಗೆ ಸಮುದ್ರಕ್ಕಿಳಿದಾಗ ಎಂಟರಲ್ಲಿ ಏಳು ಕೈಕೊಟ್ಟವು. ಶಾಖ ತಡೆಯಬೇಕಿದ್ದ ಇಟ್ಟಿಗೆಯ ಪದರವೇ ಹಾಳಾಗಿತ್ತು. ಹಸ್ತಾಂತರ ಇನ್ನೊಂದು ವರ್ಷ ಮುಂದಕ್ಕೆ ಹೋಯಿತು.

ಹಡಗಿನ ಮಾತು ಇಷ್ಟಾದರೆ, ಅದರ ಮೇಲಿಂದ ಹಾರುವ ವಿಮಾನದ್ದು ಇನ್ನೊಂದು ಅಧ್ಯಾಯ, ಪತ್ರ ಬರೆದವರು ಯಾರೂ ಇದನ್ನು ಲೆಕ್ಕಕ್ಕೆ ಹಿಡಿದಿಲ್ಲ. ವಿಮಾನ ಏರಿ ಇಳಿಯುವ ಡೆಕ್ಕಿನ ರಚನೆಯೇ ಯಾವ ವಿಮಾನ ಎಂಬುದನ್ನು ನಿರ್ಧರಿಸುತ್ತದೆ. ಗೋರ್ಷ್ಕೋವ್ ಜೊತೆ ಮಿಗ್-29ಕೆ ಬಂತು. ಅವುಗಳ ಹಾರಾಟ ಸಿದ್ಧತೆ ಶೇ. 16ರಿಂದ 38ರೊಳಗೇ ಇತ್ತೆಂದು 2016ರ ಸಿಎಜಿ ವರದಿ ಹೇಳಿತು. ಕಡೆಗೆ 2025ರ ಏಪ್ರಿಲ್‌ನಲ್ಲಿ ಫ್ರಾನ್ಸಿನೊಡನೆ 26 ರಫೇಲ್ ಮರೀನ್ ವಿಮಾನಗಳ ಒಪ್ಪಂದ ಮಾಡಿಕೊಂಡೆವು. ಥಾಯ್ಲೆಂಡಿನದು ಇನ್ನೂ ಸಂಕಟ: ಸ್ಪೇನಿನಿಂದ 1997ರಲ್ಲಿ ಹೊಚ್ಚ ಹೊಸ 'ಚಕ್ರಿ ನರುಬೆತ್' ತರಿಸಿಕೊಂಡಿತು, ಅದರ ಹ್ಯಾರಿಯರ್ ವಿಮಾನಗಳು ಹತ್ತು ವರ್ಷ ತುಂಬುವ ಮೊದಲೇ ಮೂಲೆ ಸೇರಿದವು. ಈಗ ಅದು ಹೆಲಿಕಾಪ್ಟರ್ ಹೊರುವ ಹಡಗು.

ಹಾಗಾದರೆ ಹೊರಗಿನಿಂದ ಕೊಂಡದ್ದೆಲ್ಲ ತಪ್ಪೇ? ಖಂಡಿತ ಅಲ್ಲ. 1957ರಲ್ಲಿ ಬ್ರಿಟನ್ ಅರ್ಧಕ್ಕೆ ಬಿಟ್ಟಿದ್ದ 'ಹರ್ಕ್ಯುಲಿಸ್' ಕೊಂಡು, ಬೆಲ್‌ಫಾಸ್ಟ್‌ನಲ್ಲಿ ಪೂರ್ತಿ ಮಾಡಿಸಿ, 1961ರಲ್ಲಿ ಮೊದಲ ವಿಕ್ರಾಂತ್ ಆಗಿ ಸೇವೆಗೆ ಸೇರಿಸಿದ್ದು ಸರಿಯಾದ ನಿರ್ಧಾರ. ಅಂದು ಇಂಥ ಹಡಗು ಕಟ್ಟುವ ಜಾಗ ನಮ್ಮಲ್ಲಿರಲಿಲ್ಲ. 1971ರಲ್ಲಿ ಬಿರುಕು ಬಿಟ್ಟ ಬಾಯ್ಲರ್ ಇಟ್ಟುಕೊಂಡೇ ಬಂಗಾಳ ಕೊಲ್ಲಿಗೆ ಹೋಯಿತು, ಅದರ ಸೀ ಹಾಕ್ ವಿಮಾನಗಳು ಚಿತ್ತಗಾಂಗ್, ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದವು. ಆ ಸಿಬ್ಬಂದಿಯನ್ನು ನೆನೆದರೆ ಇಂದಿಗೂ ಎದೆ ತುಂಬುತ್ತದೆ. 1987ರಲ್ಲಿ ಬ್ರಿಟನ್ನಿನ 'ಹರ್ಮಿಸ್' ನಮ್ಮ 'ವಿರಾಟ್' ಆದದ್ದೂ ಒಳ್ಳೆಯ ವ್ಯವಹಾರವೇ, ಮೂವತ್ತು ವರ್ಷ ದುಡಿಯಿತು.

ಈಗ ಕೊಚ್ಚಿಯಲ್ಲಿ ಜಾಗವಿದೆ. ರಷ್ಯಾದಿಂದ ಬರಬೇಕಿದ್ದ ಉಕ್ಕು ಬಾರದಿದ್ದಾಗ ಆ ದರ್ಜೆಯ ಉಕ್ಕನ್ನು ಇಲ್ಲಿಯೇ ತಯಾರಿಸಿದರು. ವಿಕ್ರಾಂತ್‌ನ ನಾಲ್ಕು ಗ್ಯಾಸ್ ಟರ್ಬೈನ್‌ಗಳ ವಿನ್ಯಾಸ ಅಮೆರಿಕದ್ದಾದರೂ ಅವನ್ನು ಜೋಡಿಸಿದ್ದು ಬೆಂಗಳೂರಿನ ಎಚ್‌ಎಎಲ್. ನನ್ನ ಚಿಂತೆಯೆಲ್ಲ ಆ ಉಕ್ಕನ್ನು ಬೆಸೆದ ವೆಲ್ಡರ್‌ಗಳದು. ಮುಂದಿನ ಹಡಗಿನ ಆದೇಶ ತಡವಾದರೆ ಅವರು ಬೇರೆ ಕೆಲಸ ಹುಡುಕಿ ಹೋಗುತ್ತಾರೆ. ಹತ್ತು ವರ್ಷದ ಮೇಲೆ ಹೊಸಬರಿಗೆ ಅ ಆ ಇ ಈ ಇಂದ ಕಲಿಸುವ ಖರ್ಚನ್ನು ಯಾವ ತಖ್ತೆಯಲ್ಲಿ ತೋರಿಸುತ್ತಾರೆ?

ಚೀನಾ ಎರಡು ಕೋಟಿ ಡಾಲರ್‌ಗೆ ಹಡಗು ಕೊಂಡು ಗೆದ್ದಿತಲ್ಲ? (ಹುಬ್ಬಳ್ಳಿ)

ಅದು ಎಂಜಿನ್ ಕೆಲಸ ಮಾಡದ ಬರೀ ಒಡಲು. ತೇಲುವ ಜೂಜುಕೇಂದ್ರಕ್ಕೆಂದು 1998ರಲ್ಲಿ ಕೊಂಡ 'ವರ್ಯಾಗ್', 'ಲಿಯಾವೊನಿಂಗ್' ಆಗಿ ಸೇವೆಗೆ ಬಂದದ್ದು 2012ರಲ್ಲಿ. ನಡುವಿನ ವರ್ಷಗಳ ಖರ್ಚನ್ನು ಬಿಟ್ಟು ಎರಡು ಕೋಟಿಯನ್ನಷ್ಟೇ ಹೇಳುವವರನ್ನು ನಂಬಬೇಡಿ. ಬ್ರೆಜಿಲ್ ಕೂಡ 2000ದಲ್ಲಿ ಫ್ರಾನ್ಸಿನ 'ಫೋಶ್' ಅನ್ನು 1.2 ಕೋಟಿ ಡಾಲರ್‌ಗೆ ತಂದಿತು. ಹಡಗು ದುರಸ್ತಿಯಲ್ಲೇ ಸವೆಯಿತು. ಕಲ್ನಾರು ತುಂಬಿದ್ದರಿಂದ ಒಡೆಯಲು ಕಳಿಸಿದರೆ ಟರ್ಕಿ ಒಳಗೆ ಬಿಡಲಿಲ್ಲ. 2023ರ ಫೆಬ್ರುವರಿಯಲ್ಲಿ ಅಟ್ಲಾಂಟಿಕ್‌ನಲ್ಲಿ ಮುಳುಗಿಸಬೇಕಾಯಿತು.

ಬ್ರಿಟನ್‌ನ 'ಕ್ವೀನ್ ಎಲಿಜಬೆತ್' ಮಾದರಿಯ ನೌಕೆ ಕೊಂಡರೆ? (ಮೈಸೂರು)

ಇಳಿಯುವ ವಿಮಾನವನ್ನು ಹಿಡಿದು ನಿಲ್ಲಿಸುವ ಉಕ್ಕಿನ ಹಗ್ಗ ಅದರಲ್ಲಿಲ್ಲ. ನಮ್ಮ ಮಿಗ್, ರಫೇಲ್ ಎರಡೂ ಅದರ ಮೇಲೆ ಇಳಿಯಲಾರವು.

ಅಮೆರಿಕ ನಮಗೆ ತನ್ನ ಹಳೆಯ ವಿಮಾನವಾಹಕ 'ಕಿಟ್ಟಿ ಹಾಕ್' ಉಚಿತವಾಗಿ ಕೊಡುತ್ತದೆ ಎಂದು ಯೂಟ್ಯೂಬ್‌ನಲ್ಲಿ ಒಬ್ಬರು ಹೇಳಿದರು. ನಿಜವೇ? (ತುಮಕೂರು)

ಸುಳ್ಳು. ಒಂದು ಸೆಂಟ್‌ಗೆ ಗುಜರಿಗೆ ಮಾರಿದ ಆ ಹಡಗನ್ನು 2022ರಲ್ಲಿ ಟೆಕ್ಸಾಸ್‌ಗೆ ಎಳೆದೊಯ್ದರು. ಸತ್ತ ಹಡಗು ತೋರಿಸಿ ನೋಡುಗರನ್ನು ಸೇರಿಸುವ ಇಂಥ 'ರಕ್ಷಣಾ ತಜ್ಞ'ರನ್ನು ದಯವಿಟ್ಟು ಕೇಳಬೇಡಿ.

ವಿಕ್ರಮಾದಿತ್ಯದ ತವರು ಬಂದರು ಕಾರವಾರ. ರಿಪೇರಿಗೆ ಕೊಚ್ಚಿಗೆ ಏಕೆ ಹೋಗುತ್ತದೆ? (ಅಂಕೋಲಾ)

ಕಾರವಾರದ ಹಡಗು ಎತ್ತುವ ಯಂತ್ರದ ಸಾಮರ್ಥ್ಯ 10,000 ಟನ್, ವಿಕ್ರಮಾದಿತ್ಯ ಸುಮಾರು 45,000 ಟನ್. ತಳ ಕೆರೆದು ನೋಡಲು ಡ್ರೈ ಡಾಕ್, ಅಂದರೆ ಹಡಗನ್ನು ಒಳಗೆ ತಂದು ನೀರು ಖಾಲಿ ಮಾಡುವ ಕಟ್ಟೆ, ಬೇಕೇ ಬೇಕು. 2024ರ ನವೆಂಬರ್‌ನಲ್ಲಿ ಕೊಚ್ಚಿ ಹಡಗುಕಟ್ಟೆಗೆ ಈ ಕೆಲಸವನ್ನು ಒಪ್ಪಿಸಿದಾಗ ಒಪ್ಪಂದದ ಮೊತ್ತ 1,207 ಕೋಟಿ ರೂಪಾಯಿ. ಇದೂ ಆ ಪುಕ್ಕಟೆ ಹಡಗಿನ ಲೆಕ್ಕಕ್ಕೇ ಸೇರಬೇಕು.