ಪ್ರಾಚೀನ ಅಸ್ಸೀರಿಯಾದ ರಾಜರ ದಿನಚರಿ ಹೇಗಿರುತ್ತಿತ್ತು?

ಯುದ್ಧ, ಕಟ್ಟಡ ಕೆಲಸ, ಅಶ್ಶೂರ್ ದೇವರ ಪೂಜೆ ಎಲ್ಲವೂ ರಾಜನದೇ ಹೊಣೆ. ಆದರೆ ದಿನದ ಬದುಕು ನಿಜವಾಗಿ ಕಾಣುವುದು ಇಂದಿನ ಇರಾಕ್‌ನ ನಿನೆವೆಯಲ್ಲಿ ಸಿಕ್ಕ ಜೇಡಿಮಣ್ಣಿನ ಪತ್ರಗಳಲ್ಲಿ. ಕ್ರಿ.ಪೂ. 681ರಿಂದ 669ರವರೆಗೆ ಆಳಿದ ಎಸರ್‌ಹದ್ದೋನ್‌ಗೆ ಕಾಯಿಲೆ ಜಾಸ್ತಿ. ಯಾವ ದಿನ ಹೊರಡಬೇಕು, ಜ್ವರಕ್ಕೇನು ಮದ್ದು, ಆಕಾಶದಲ್ಲಿ ಏನು ಕಂಡಿತು ಎಂದು ಪಂಡಿತರು ಬರೆಯುತ್ತಲೇ ಇದ್ದರು. ರಾಜ ಊಟ ಬಿಟ್ಟಾಗ, ಏನಾದರೂ ತಿನ್ನಿ ಎಂದು ಬೇಡಿಕೊಂಡ ಪತ್ರವೂ ಇದೆ. ಓದಿದರೆ ಕರುಳು ಚುರ್ ಅನ್ನುತ್ತದೆ.

ಕೆಟ್ಟ ಗ್ರಹಣ ಬಂದರೆ ಬೇರೊಬ್ಬನನ್ನು ಸಿಂಹಾಸನದಲ್ಲಿ ಕೂರಿಸುತ್ತಿದ್ದರು, ಕೆಲವೊಮ್ಮೆ 100 ದಿನಗಳವರೆಗೆ. ಅಷ್ಟು ದಿನ ನಿಜವಾದ ರಾಜ ಮರೆಯಲ್ಲಿರುತ್ತಿದ್ದ. ಪತ್ರಗಳಲ್ಲಿ ಅವನನ್ನು 'ರೈತ' ಎಂದೇ ಕರೆಯುತ್ತಿದ್ದರು. ಕೊನೆಗೆ ಆ ಬದಲಿ ರಾಜನನ್ನು ಕೊಲ್ಲುತ್ತಿದ್ದರು. ರಾಜನ ಮೇಲೆ ಬರಬೇಕಿದ್ದ ಕೇಡು ಅವನೊಂದಿಗೇ ಹೋಯಿತು ಎಂಬ ನಂಬಿಕೆ.